ವಾರಕ್ಕೊಂದು ಪೀರಿಯಡ್ ಬಯಲಿನಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನ್ನನ್ನು ಒಂದು ಸಂಗತಿ ಇಂದಿಗೂ ಕಾಡುತ್ತಿದೆ. ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಎಂಟು-ಹತ್ತು ದಿನ ಕಳೆಯುತ್ತಲೇ ಶಾಲೆಯ ಬೇಲಿಯಾಚೆಯ ರೊಬಸ್ಟಾ ಕಾಫಿ ತೋಟವೆಲ್ಲ ಬೆಳ್ಳಗಾಗಿ, ಅದರ ಪರಿಮಳ ತರಗತಿಯೊಳಕ್ಕೂ ಬರುತ್ತಿತ್ತು. ನಾನು ಮಾತ್ರ ಪರಾಗಸ್ಪರ್ಶದ ಪಾಠವನ್ನು ತಿಂಗಳುಗಳ ಹಿಂದೆಯೇ ದಾಸವಾಳದ ಚಾರ್ಟ್ ತೋರಿಸಿ ಮುಗಿಸಿರುತ್ತಿದ್ದೆ. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನ್ನೊಣವೋ ತರಬೇಕು ಎಂಬುದನ್ನು ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬರುವ ಆ ಮಕ್ಕಳಿಗೆ ಹೂವಿನ ಮುಂದೆಯೇ ನಿಲ್ಲಿಸಿ ಹೇಳಬೇಕಿತ್ತು.

ಸೇವೆಯ ಕೊನೆಯ ವರ್ಷಗಳಲ್ಲಿ ಏಳನೇ ತರಗತಿಯವರನ್ನು ಅಂಗಳದ ಮಾವಿನ ಮರದಡಿಗೆ ಕರೆದೊಯ್ಯಲು ಶುರುಮಾಡಿದೆ. ಅಲ್ಲೊಂದು ಚಗಳಿ, ಅಂದರೆ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಯ ಗೂಡಿತ್ತು. ಚಗಳಿ ಚಟ್ನಿ ತಿಂದು ಬೆಳೆದ ಮಕ್ಕಳೇ ಅವರು. ಆದರೂ ಇರುವೆಗಳು ಒಂದರ ಸೊಂಟವನ್ನೊಂದು ಕಚ್ಚಿ ಸರಪಳಿಯಾಗಿ ಎಲೆಗಳನ್ನು ಹತ್ತಿರಕ್ಕೆ ಎಳೆಯುವುದನ್ನು, ಇನ್ನು ಕೆಲವು ಇರುವೆಗಳು ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು ಅವುಗಳ ನೂಲಿನಿಂದ ಎಲೆಯಂಚುಗಳನ್ನು ಬೆಸೆಯುವುದನ್ನು ಯಾರೂ ನಿಂತು ನೋಡಿರಲಿಲ್ಲ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು, "ಟೀಚರ್, ದೊಡ್ಡ ಇರುವೆಗೆ ನೂಲು ಬರಲ್ವಾ?" ಎಂದು ಕೇಳಿದಳು. ಕೀಟಗಳ ರೂಪಾಂತರದ ಪಾಠವನ್ನು ಆ ದಿನ ಅವಳ ಪ್ರಶ್ನೆಯಿಂದಲೇ ಆರಂಭಿಸಿದೆ.

ಬಯಲಿನ ಬೆಳಕು ಮಕ್ಕಳ ಕಣ್ಣಿಗೂ ಒಳ್ಳೆಯದು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆದ ಮಕ್ಕಳ ಪೈಕಿ 3 ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಕಾಣಿಸಿಕೊಂಡವರ ಪ್ರಮಾಣ ಶೇ 30ರಷ್ಟಿದ್ದರೆ, ಉಳಿದವರಲ್ಲಿ ಅದು ಶೇ 39ನ್ನು ದಾಟಿತ್ತು.

ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಮೆಚ್ಚತಕ್ಕ ಕಾರ್ಯಕ್ರಮ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಅವಧಿಯಲ್ಲಿ 10 ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿದೆ. ಆದರೆ ಅಪರೂಪಕ್ಕೊಮ್ಮೆ ಬಸ್ಸು ಹತ್ತಿ ಹೋಗಿಬರುವುದಕ್ಕೂ, ಒಂದೇ ಮರವನ್ನು ವರ್ಷವಿಡೀ ಗಮನಿಸಿ ಅದು ಎಲೆ ಉದುರಿಸಿದ್ದು, ಚಿಗುರಿದ್ದು, ಹೂ ಬಿಟ್ಟಿದ್ದನ್ನು ಬರೆದಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆನೆಗಳ ಓಡಾಟವಿರುವ ನಮ್ಮ ಭಾಗದಲ್ಲಿ ಪೋಷಕರ ಹೆದರಿಕೆ ನ್ಯಾಯವಾದದ್ದೇ ಆದ್ದರಿಂದ, ಮಕ್ಕಳನ್ನು ಕಾಡಿಗೆ ಕರೆದೊಯ್ಯಿರಿ ಎಂದು ನಾನು ಹೇಳುತ್ತಿಲ್ಲ; ಶಾಲೆಯ ಅಂಗಳ, ಬೇಲಿಸಾಲು, ಪಕ್ಕದ ತೋಟದ ಅಂಚು ಧಾರಾಳವಾಗಿ ಸಾಕು.

ಪೋರ್ಷನ್ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರು ಇದನ್ನು ತಾವಾಗಿಯೇ ಮಾಡಲಾರರು. ಆದ್ದರಿಂದ ವಾರಕ್ಕೊಂದು ಪೀರಿಯಡ್ಡನ್ನು ಹೊರಗೆ ನಡೆಸಲು, ಮಣ್ಣಿನ ಸವಕಳಿಯ ಪಾಠವನ್ನು ಜೂನ್ ಮಳೆಗೆ ಕೆಂಪು ನೀರು ಹರಿಯುವ ಚರಂಡಿಯ ಪಕ್ಕದಲ್ಲೇ ಮಾಡಲು, ಪರಾಗಸ್ಪರ್ಶದ ಪಾಠವನ್ನು ಹೂಮಳೆಯವರೆಗೆ ಕಾಯ್ದಿರಿಸಲು ಅವರಿಗೆ ಲಿಖಿತ ಅನುಮತಿ ನೀಡಬೇಕೆಂದು ಜಿಲ್ಲೆಯ ಶಿಕ್ಷಣ ಇಲಾಖೆಯ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕಿ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ