ಮೆಮೊಗೆ ಉತ್ತರ ಕೊಡುವ ಮೊದಲು

ಪುಟ್ಟಿ,

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯೂರಿನ್ ಕಡಿಮೆ ಆಗಿದ್ದ ಆ ಅಜ್ಜನಿಗೆ, ಕಿಡ್ನಿಗೆ ಪೆಟ್ಟು ಕೊಡಬಹುದಾದ ಅಮಿಕಾಸಿನ್ ಅನ್ನೋ ಆಂಟಿಬಯೋಟಿಕ್ ಬೇಡ ಅಂತ ನೀನು ರೌಂಡ್ಸಿನಲ್ಲಿ ಅಂದದ್ದಕ್ಕೆ ಆ ದೊಡ್ಡ ಡಾಕ್ಟರು ಏನಂದರು, ಪಿಜಿ ಓದೋ ಡಾಕ್ಟರುಗಳು ಹೇಗೆ ನಕ್ಕರು, ಮೆಮೊ ಹೇಗೆ ಬಂತು, ಅದೆಲ್ಲ ಮತ್ತೆ ಬೇಡ. ನಿಮ್ಮಪ್ಪ "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ" ಅಂದರಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವರ ಪರವಾಗಿ ನಾನೇ ಸಾರಿ ಕೇಳುತ್ತೇನೆ. ಅವರಿಗೆ ಲೋನಿನ ಕಂತಿನ ಚಿಂತೆ. ನಿಜ ಹೇಳಬೇಕೆಂದರೆ ನನಗೂ.

ನಿನಗೆ ಹೇಳದೇ ಇದ್ದ ಒಂದು ವಿಷಯ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತು, ಹೆರಿಗೆ ವಾರ್ಡು. ನಮ್ಮ ಹೆಡ್ ಸಿಸ್ಟರ್ ಕೇರಳದವರು, ಎಲ್ಲರೂ ಚೇಚಿ ಅಂತಲೇ ಕರೆಯುತ್ತಿದ್ದೆವು. ಒಬ್ಬ ಹುಡುಗಿಗೆ ಬೆಳಗಿನ ಜಾವ ಚೊಚ್ಚಲ ಹೆರಿಗೆ ಆಗಿತ್ತು. ರೌಂಡ್ಸಿಗೆ ಬಂದ ಡಾಕ್ಟರು ಬಿಪಿ ನೋಡಿದರು, ಚೆನ್ನಾಗಿತ್ತು. ಮುಂದಿನ ಮಂಚಕ್ಕೆ ಹೋದರು. ಚೇಚಿ ಹೋಗಲಿಲ್ಲ. ಅಲ್ಲೇ ನಿಂತು, "ಸರ್, ಪಲ್ಸ್ 124. ಗಂಟೆ ಹಿಂದೆ 96 ಇತ್ತು. ಪ್ಯಾಡ್ ಪೂರ್ತಿ ನೆನೆದಿದೆ, ಹೊಟ್ಟೆ ಮೆತ್ತಗಿದೆ" ಅಂದರು. ಡಾಕ್ಟರು ತಿರುಗದೆಯೇ "ಸುಸ್ತಿಗೆ ಹಾಗಾಗುತ್ತೆ" ಅಂದರು. ಚೇಚಿ ಅದನ್ನೇ, ಅದೇ ದನಿಯಲ್ಲಿ, ಇನ್ನೊಂದು ಸಲ ಹೇಳಿದರು. ಇಡೀ ವಾರ್ಡು ಗಪ್‌ಚುಪ್.

ರಕ್ತ ಹೋಗುವಾಗ ಪಲ್ಸ್ ಮೊದಲು ಏರುತ್ತೆ, ಬಿಪಿ ಬೀಳೋದು ತಡವಾಗಿ. ಅದು ಡಾಕ್ಟರಿಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಆದರೆ ಅವರು ಆ ಹುಡುಗಿ ಹತ್ತಿರ ಇದ್ದದ್ದು ಒಂದು ನಿಮಿಷ, ಚೇಚಿ ಬೆಳಗಿನಿಂದ ಇದ್ದರು. ಕೊನೆಗೆ ಡಾಕ್ಟರು ವಾಪಸ್ ಬಂದರು. ಹೊಟ್ಟೆ ಮುಟ್ಟಿ ನೋಡಿದವರೇ, ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲಲಿ ಅಂತ ಆಕ್ಸಿಟೋಸಿನ್ ಡ್ರಿಪ್ ಹಾಕಿಸಿದರು. ಹುಡುಗಿ ಮಗು ಎತ್ತಿಕೊಂಡು ಮನೆಗೆ ಹೋದಳು. ಡಾಕ್ಟರು ಮಾತ್ರ ಎಷ್ಟೋ ದಿನ ಚೇಚಿ ಜೊತೆ ಮಾತಾಡಲಿಲ್ಲ. ಚೇಚಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಡ್ರಿಪ್ ಸ್ಟ್ಯಾಂಡ್ ತರೋಕೆ ತಡ ಮಾಡಿದೆ ಅಂತ ನನಗೇ ಬೈದರು!

ಆ ಎರಡನೇ ಸಲ ಅನ್ನೋದು ನನ್ನ ತಲೆಯಿಂದ ಹೋಗಿಲ್ಲ. ಮೊದಲನೇ ಸಲ ಯಾರು ಬೇಕಾದರೂ ಹೇಳಬಹುದು. "ಸುಸ್ತಿಗೆ" ಅಂದ ಮೇಲೂ ಬಾಯಿ ಬಿಡೋಕೆ ಏನು ಬೇಕು? ದನಿ ಏರಿಸಿರಲಿಲ್ಲ ಅವರು. ಏರಿಸಿದ್ದರೆ ಜಗಳ ಆಗುತ್ತಿತ್ತು, ಇಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎಷ್ಟು ಸಲ ಯೋಚಿಸಿದ್ದೇನೋ.

ಯುಕೆಗೆ ಹೋಗ್ತೀನಿ, ಅಲ್ಲಿ ಇದೆಲ್ಲ ಇರಲ್ಲ ಅಂದೆಯಲ್ಲ. ಹೋಗು, ಬೇಡ ಅನ್ನಲ್ಲ. ಆದರೆ ರಿಟೈರ್ ಆಗೋ ಮೊದಲು ಒಂದು ಟ್ರೈನಿಂಗಿನಲ್ಲಿ ನಮಗೆ ಎಲೈನ್ ಬ್ರೊಮಿಲಿ ಅನ್ನೋ ಹೆಂಗಸಿನ ವಿಷಯ ಹೇಳಿದ್ದರು. 2005, ಇಂಗ್ಲೆಂಡಿನಲ್ಲೇ. ಸೈನಸ್ಸಿನ ಸಣ್ಣ ಆಪರೇಶನ್. ಅನಸ್ತೇಶಿಯಾ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಒಬ್ಬ ನರ್ಸ್, ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ದಾರಿ ಮಾಡೋ ಟ್ರಕಿಯಾಸ್ಟಮಿ ಸೆಟ್ ತಂದಿಟ್ಟಳು, ಇನ್ನೊಬ್ಬಳು ಐಸಿಯುನಲ್ಲಿ ಬೆಡ್ ಕೇಳಿದಳು. ಡಾಕ್ಟರುಗಳು ಟ್ಯೂಬ್ ಹಾಕೋದರಲ್ಲೇ ಮುಳುಗಿದ್ದರು. ಏನು ಮಾಡಬೇಕು ಅಂತ ನರ್ಸುಗಳಿಗೆ ಗೊತ್ತಿತ್ತಂತೆ, ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲವಂತೆ. ಆಕೆ ಉಳಿಯಲಿಲ್ಲ. ಗಂಡ ವಿಮಾನದ ಪೈಲಟ್. ಕಾಕ್‌ಪಿಟ್‌ನಲ್ಲಿ ಕಿರಿಯರಿಗೆ ಬಾಯಿ ಬಿಡೋಕೆ ಕಲಿಸೋ ಹಾಗೆ ಆಸ್ಪತ್ರೆಗಳಲ್ಲೂ ಕಲಿಸಬೇಕು ಅಂತ ಅವರು ಆಮೇಲೆ ತುಂಬಾ ಓಡಾಡಿದರು.

ಈಗ ಲೆಕ್ಚರ್ ಅನ್ನಬೇಡ. ನೀನು ಹೇಳಿದ್ದು ಸರಿ. ಹೇಳಿದ ರೀತಿಗೆ ಮಾತ್ರ ನಾನು ಪೂರ್ತಿ ಮಾರ್ಕ್ಸ್ ಕೊಡಲ್ಲ. "ಯೂರಿನ್ ಕಡಿಮೆ ಇದೆ ಸರ್, ಅಮಿಕಾಸಿನ್ ಬೇಡ ಅನ್ಸುತ್ತೆ" ಅಂದೆ. ಅವರಿಗೆ ಕೇಳಿಸಿದ್ದು "ಬೇಡ" ಒಂದೇ. ಅಜ್ಜನ ತೂಕ 60 ಕೆಜಿ ಅಂದರೆ ಗಂಟೆಗೆ 30 ಎಂಎಲ್ ಆದರೂ ಬರಬೇಕು. ಆರು ಗಂಟೆಗೆ 180. ಬಂದದ್ದು 100. ಅದನ್ನು ಮೊದಲು ಹೇಳು. ಆಮೇಲೆ, "ಇವತ್ತಿನ ಕ್ರಿಯಾಟಿನಿನ್ ಬಂದ ಮೇಲೆ ಡೋಸ್ ಕೊಡಲಾ ಸರ್?" ಅಂತ ಕೇಳು. ಕಿಡ್ನಿ ಹೇಗಿದೆ ಅಂತ ರಕ್ತದ ಆ ಟೆಸ್ಟೇ ಹೇಳುತ್ತಲ್ಲ. ಅಂಕಿಗೆ ಬೈಯೋದು ಕಷ್ಟ ಪುಟ್ಟಿ. ಒಪ್ಪದಿದ್ದರೆ ಇನ್ನೊಂದು ಸಲ ಹೇಳು. ಆಗಲೂ ಇಲ್ಲ ಅಂದರೆ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸು. ಯಾರಿಗೆ ಹೇಳಿದೆ, ಎಷ್ಟು ಗಂಟೆಗೆ, ನರ್ಸಸ್ ನೋಟ್ಸಿನಲ್ಲಿ ಬರಿ. ಪಿಜಿಗಳ ಎದುರಿಗೆ ಡಾಕ್ಟರ ಮರ್ಯಾದೆ ಉಳಿಸೋದೂ ನಮ್ಮ ಕೆಲಸವಾ ಅಂತ ಕೇಳ್ತೀಯ. ಅಲ್ಲ. ಆದರೆ ಅಜ್ಜನ ಕಿಡ್ನಿ ಉಳಿಯುತ್ತೆ ಅಂದರೆ ಅಷ್ಟು ಮಾಡೋಣ ಬಿಡು.

ಊಟ ಸರಿಯಾಗಿ ಮಾಡ್ತಿದ್ದೀಯಾ? ನೈಟ್ ಡ್ಯೂಟಿಯಲ್ಲಿ ಬರೀ ಬಿಸ್ಕತ್ತು ತಿಂದುಕೊಂಡು ಇರಬೇಡ.

ನನಗೆ ಹೆದರಿಕೆ ಇದೆ. ಕೆಲಸ ಹೋದರೆ ಅಂತ ಅಲ್ಲ, ಅಂದರೆ ಅದೂ ಇದೆ. ಜಾಸ್ತಿ ಹೆದರಿಕೆ, ಇನ್ನು ಮೇಲೆ ನೀನು ಕೇಸ್ ಶೀಟ್ ಹಿಡಿದು ಸುಮ್ನೆ ಹಿಂದೆ ನಿಂತುಬಿಡ್ತೀಯೇನೋ ಅಂತ. ಹಾಗೆ ನಿಂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಟ್ಟವರಲ್ಲ. ಒಂದು ಸಲ ಬೈಸಿಕೊಂಡವರು, ಅಷ್ಟೇ. ಫೋನಿನಲ್ಲಿ ನೀನು ಅಳುತ್ತಿದ್ದಾಗ ನನಗೆ ಒಳಗೊಳಗೇ ಹೆಮ್ಮೆ. ಅಳುವವಳ ಹತ್ತಿರ ಹಾಗಂತ ಹೇಳೋದು ಹೇಗೆ, ಹೇಳಲಿಲ್ಲ.

ಮೆಮೊಗೆ ಉತ್ತರದಲ್ಲಿ ದನಿ ಜೋರಾಗಿದ್ದರೆ ಅದಕ್ಕೆ ಬೇಕಾದರೆ ವಿಷಾದ ಅಂತ ಬರಿ. ಹೇಳಿದ ವಿಷಯಕ್ಕೆ ಕ್ಷಮೆ ಅಂತ ಒಂದಕ್ಷರ ಬರೆಯಬೇಡ. ಔಟ್‌ಪುಟ್ ಚಾರ್ಟಿನ ಅಂಕಿಗಳನ್ನು ಗಂಟೆ ಸಮೇತ ಹಾಕು. ಕಾಪಿ ಇಟ್ಟುಕೊಂಡು, ಕೊಟ್ಟದ್ದಕ್ಕೆ ಸಹಿ ತಗೋ. ಕೊಡೋ ಮೊದಲು ನನಗೆ ವಾಟ್ಸಾಪ್ ಮಾಡು. ಇಂಗ್ಲಿಷ್ ನೀನೇ ನೋಡಿಕೋ, ಬಾಕಿದ್ದು ನಾನು ನೋಡ್ತೀನಿ. ಹಾಗೇ ಅಜ್ಜನ ಕ್ರಿಯಾಟಿನಿನ್ ಎಷ್ಟು ಬಂತು, ಅದನ್ನೂ ಹೇಳು.

ಅಮ್ಮ