ನಿನ್ನ ಮುಂದೆ ಆಡುವ ಹುಡುಗ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಬರೆದಿರುತ್ತಾಳೆ. ನಿನ್ನ ಪತ್ರದ ಕೊನೆಯಲ್ಲಿ ಫುಟ್‌ಬಾಲ್ ಆಟದ ಬಗ್ಗೆ ಒಂದು ಸಾಲಿತ್ತಲ್ಲ, ‘ಗೋಲುಗಳೆಲ್ಲ ನನ್ನ ಕಡೆಯಿಂದಲೇ ಬರುತ್ತಿವೆ ಮಾವ, ತಂಡದ ತೂತು ನಾನೇ ಇರಬೇಕು’ ಎಂದು. ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ.

ತಂಡದಲ್ಲಿ ಹುಟ್ಟು ವಿಂಗರ್, ಅಂದರೆ ಅಂಚಿನ ಗೆರೆಗುಂಟ ಓಡಿ ದಾಳಿ ಮಾಡುವವನು, ಒಬ್ಬನೂ ಇಲ್ಲ, ನಿನ್ನ ಮುಂದೆ ಆಡುವವನು ಮೈದಾನದ ಮಧ್ಯದಲ್ಲಿ ಆಡಿ ಬೆಳೆದವನು ಎಂದು ನೀನೇ ಬರೆದಿದ್ದೀಯ. ಅಂಥವನು ಚೆಂಡು ಸಿಕ್ಕರೆ ಒಳಕ್ಕೇ ಸರಿಯುತ್ತಾನೆ. ತನ್ನ ಬೆನ್ನ ಹಿಂದಿನ ಜಾಗಕ್ಕೆ ಓಡುವವರು ಯಾರೂ ಇಲ್ಲವೆಂದು, ನಿನ್ನಂತೆಯೇ ಅಂಚು ಕಾಯುವ ಎದುರಾಳಿಯ ಫುಲ್‌ಬ್ಯಾಕ್‌ಗೆ ಗೊತ್ತಾಗಲು ಹತ್ತು ನಿಮಿಷ ಸಾಕು. ಆಮೇಲೆ ಅವನೂ ಅವರ ವಿಂಗರೂ ಸೇರಿ ಇಬ್ಬರು, ಇತ್ತ ನೀನೊಬ್ಬ. ಸಾಲದ್ದಕ್ಕೆ ದಾಳಿಗೆ ಅಗಲ ಒದಗಿಸಲೂ ನೀನೇ ಓಡಬೇಕು. ಅಲ್ಲಿ ಚೆಂಡು ಕೈತಪ್ಪಿತೋ, ನಿನ್ನ ಜಾಗ ತುಂಬಲು ನಡುವೆ ಕಾಯುವ ಸೆಂಟರ್ ಬ್ಯಾಕ್ ಅಂಚಿಗೆ ಓಡುತ್ತಾನೆ, ಗೋಲಿನ ಮುಂದೆ ಬಯಲು. ನೋಡುವವರ ಕಣ್ಣಿಗೆ ಬೀಳುವುದು ಮಾತ್ರ ನಿನ್ನ ಕಡೆಯ ಅಂಚಿನಿಂದ ಗೋಲಿನ ಮುಂದಕ್ಕೆ ಬಂದ ಚೆಂಡು, ಆ ಕ್ರಾಸ್.

1982ರ ವಿಶ್ವಕಪ್‌ನ ಬ್ರೆಜಿಲ್‌ನಲ್ಲಿ ಜೀಕೊ, ಸಾಕ್ರಟೀಸ್, ಫಾಲ್ಕಾವೊ ಎಲ್ಲರೂ ಇದ್ದರು, ಬಲ ಅಂಚಿಗೆ ವಿಂಗರ್ ಇರಲಿಲ್ಲ. ಇಟಲಿಯ ಎದುರಿನ ಪಂದ್ಯದಲ್ಲಿ ಅವರ ಎಡ ಬ್ಯಾಕ್ ಕಬ್ರಿನಿ ಐದನೇ ನಿಮಿಷದಲ್ಲೇ ಆ ಕಡೆಯಿಂದ ಕ್ರಾಸ್ ಕೊಟ್ಟ, ರೊಸ್ಸಿ ತಲೆಯೊಡ್ಡಿ ಗೋಲು ಹೊಡೆದ. ಬ್ರೆಜಿಲ್ 3-2ರಿಂದ ಸೋತಿತು. ಆ ಗೋಲಿಗೆ ಬಲ ಬ್ಯಾಕ್ ಲಿಯಾಂಡ್ರೊ ಒಬ್ಬನೇ ಹೊಣೆ ಎಂದರೆ ನಾನಂತೂ ಒಪ್ಪುವುದಿಲ್ಲ. ಹಾಗಾದರೆ 1966ರಲ್ಲಿ ಇಂಗ್ಲೆಂಡ್ ವಿಂಗರ್‌ಗಳಿಲ್ಲದೆ ಕಪ್ ಗೆದ್ದದ್ದು ಹೇಗೆ ಎಂದು ನೀನು ಕೇಳುತ್ತೀಯ. ಅವರಲ್ಲಿ ಅಲನ್ ಬಾಲ್ ಇದ್ದ. ಮೈದಾನದ ಮಧ್ಯದಲ್ಲಿ ಆಡುವ ಮಿಡ್‌ಫೀಲ್ಡರ್ ಆಗಿದ್ದರೂ ಫೈನಲ್‌ನ 120 ನಿಮಿಷವೂ ಬಲ ಅಂಚಿನಲ್ಲಿ ದಣಿವಿಲ್ಲದೆ ಓಡಿದ.

ನಾನು ಓಡಲಿಲ್ಲ. ನಾನು ಆಡುತ್ತಿದ್ದುದು ನಿನಗೆ ಗೊತ್ತು, ಈ ಮಾತು ಯಾರಿಗೂ ಗೊತ್ತಿಲ್ಲ. ಒಂದು ವರ್ಷ ನನ್ನನ್ನು ಬಲ ಅಂಚಿಗೆ ಹಾಕಿದ್ದರು. ನನಗೋ ಮಧ್ಯದ ಚೆಂಡಿನ ಮೇಲೆ ಆಸೆ. ಒಮ್ಮೆ ತಿರುಗಿ ನೋಡಿದಾಗ ನಮ್ಮ ಬಲ ಬ್ಯಾಕ್ ಇಬ್ಬರೆದುರು ಅರ್ಧ ತಿರುಗಿ ನಿಂತಿದ್ದ. ಒಂದು ಕಾಲು ಗೆರೆಯ ಕಡೆ, ಒಂದು ಕಾಲು ಒಳಗೆ, ಕೈ ನನ್ನತ್ತ ಚಾಚಿತ್ತು. ನಾನು ನಡೆದುಕೊಂಡು ಬಂದೆ. ಪಂದ್ಯ ಮುಗಿದ ಮೇಲೆ ಕೋಚ್ ಎಲ್ಲರೆದುರು ಅವನನ್ನು ಬೈದರು. ಅವನು ತಲೆಯೆತ್ತದೆ ಬೂಟಿನ ಲೇಸಿನ ಗಂಟು ಬಿಚ್ಚುತ್ತಲೇ ಇದ್ದ. ನಾನು ಕಾಲುಚೀಲ ಮಡಚಿ ಚೀಲದೊಳಗಿಟ್ಟೆ. ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮುಂದಿನ ವರ್ಷ ಅವನು ತಂಡಕ್ಕೆ ಬರಲಿಲ್ಲ.

ನಿನ್ನ ಸಾಲು ಓದಿದಾಗ ಅದು ಅವನ ಕೈಬರಹದಂತೆ ಕಂಡಿತು.

ನಿನಗೆ ಆಟ ಹೇಳಿಕೊಡುವ ಯೋಗ್ಯತೆ ನನಗಿಲ್ಲ. ಆದರೂ ಇಬ್ಬರು ಬಂದಾಗ ಚೆಂಡಿನ ಮೇಲೆ ಬೀಳಬೇಡ. ಒಳದಾರಿ ಮುಚ್ಚಿ, ಹಿಂದೆ ಸರಿಯುತ್ತ ಅವರಿಗೆ ತಡವಾಗುವಂತೆ ಮಾಡು, ಅಷ್ಟರಲ್ಲಿ ಯಾರಾದರೂ ಬಂದಾರು. ನಿಮ್ಮ ತಂಡದ ಆಚೆ ಅಂಚಿನ ಬ್ಯಾಕ್ ದಾಳಿಗೆ ಮುಂದೆ ಹೋಗಿದ್ದರೆ ನೀನು ಹೋಗಬೇಡ. ಇದೆಲ್ಲ ನಿನಗೆ ಗೊತ್ತೇ ಇರಬಹುದು. ಕೋಚ್‌ಗೆ ಹೇಳುವ ಮೊದಲು ನಿನ್ನ ಮುಂದಿನ ಹುಡುಗನಿಗೇ ಹೇಳಿ ನೋಡು. ನನಗೆ ಯಾರೂ ಹೇಳಲಿಲ್ಲ ಎಂದು ಬರೆಯಹೊರಟೆ. ಅವನ ಕೈ ಹೇಳಿತ್ತು.

ಆ ಹುಡುಗನ ಹೆಸರನ್ನು ನೀನು ಎಲ್ಲೂ ಬರೆದಿಲ್ಲ. ಮುಂದಿನ ಪತ್ರದಲ್ಲಿ ಬರೆ.

ಇಂತಿ,
ನಿನ್ನ ಮಾವ