ಹೂ ಉದುರಿತೆಂದು ಔಷಧ ಹೊಡೆಯುವ ಮೊದಲು

ಮಾನ್ಯರೇ,

ಮುಂಗಾರಿನ ತರಕಾರಿ ಬಳ್ಳಿಗಳು ಚಪ್ಪರ ಹತ್ತಿ ಹೂ ಬಿಡುವ ಹೊತ್ತಿಗೆ ಕೃಷಿ ಪುಟಗಳಲ್ಲಿ ತಪ್ಪದೆ ಕಾಣುವ ಪ್ರಶ್ನೆ ಒಂದಿದೆ: ‘ಕುಂಬಳದ ಬಳ್ಳಿ ತುಂಬ ಹೂ, ಒಂದು ಕಾಯಿಯೂ ನಿಲ್ಲುತ್ತಿಲ್ಲ, ಯಾವ ಔಷಧ ಹೊಡೆಯಬೇಕು?’ ಹೆಚ್ಚಿನ ಸಲ ಔಷಧವೇ ಬೇಡ. ಮೊದಲು ಹೂವಿನ ಬುಡ ನೋಡಬೇಕು.

ಶಾಲೆಯಲ್ಲಿ ಹೂವಿನ ಭಾಗಗಳನ್ನು ಸಾಮಾನ್ಯವಾಗಿ ದಾಸವಾಳ ಸೀಳಿ ಕಲಿಸುತ್ತಾರೆ. ಅದರಲ್ಲಿ ಪರಾಗ ಬಿಡುವ ಕೇಸರಗಳ ಕೊಳವೆ, ಅದರೊಳಗಿಂದ ಹಾದು ಬಂದು ತುದಿಯಲ್ಲಿ ಐದಾಗಿ ಕವಲೊಡೆಯುವ ಶಲಾಕೆ, ಬುಡದ ಅಂಡಾಶಯ ಎಲ್ಲವೂ ಒಂದೇ ಹೂವಿನಲ್ಲಿವೆ. ಎಲ್ಲ ಹೂಗಳೂ ಹೀಗೇ ಎಂಬ ಭಾವನೆ ಅಲ್ಲಿಂದಲೇ ಉಳಿದುಬಿಡುತ್ತದೆ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಂಡು ಹೂವಿನ ತೊಟ್ಟು ಉದ್ದ, ಸಣಕಲು. ನಡುವೆ ಪರಾಗ ಮೆತ್ತಿದ ಒಂದೇ ಕಂಬ. ಹೆಣ್ಣು ಹೂವಿನಲ್ಲಿ ದಳಗಳ ಕೆಳಗೇ ಗೋಲಿಯಂಥ ಪುಟ್ಟ ಕಾಯಿ ಕೂತಿರುತ್ತದೆ. ಅದೇ ಅಂಡಾಶಯ. ಒಳಗೆ ಪರಾಗ ಹಿಡಿದುಕೊಳ್ಳುವ ಅಂಟಂಟಾದ ತುದಿಗಳು, ಅಂದರೆ ಶಲಾಕಾಗ್ರಗಳಿರುತ್ತವೆ. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂಗಳೇ. ಅವು ಅರಳಿದ ದಿನವೇ ಬಾಡಿ ಉದುರುವುದು ರೋಗವಲ್ಲ, ಅವುಗಳ ಕೆಲಸ ಮುಗಿದಿದೆ ಅಷ್ಟೆ. ಯೂರಿಯಾ ಹೆಚ್ಚಾದರೆ, ಸೆಕೆ ಜಾಸ್ತಿಯಾದರೆ ಹೆಣ್ಣು ಹೂ ಇನ್ನೂ ತಡವಾಗುತ್ತದೆ.

ಹೆಣ್ಣು ಹೂ ಬಂದ ಮೇಲೂ ಹೀಚು ಹಳದಿಯಾಗಿ ತುದಿಯಿಂದ ಕೊಳೆತು ಬಿದ್ದರೆ, ಅದನ್ನು ಅಡ್ಡಲಾಗಿ ಕೊಯ್ದು ನೋಡಿ. ಒಳಗೆ ಬಿಳಿ ಹುಳು ಇದ್ದರೆ ಹಣ್ಣು ನೊಣದ ಕಾಟ. ಹುಳು ಇಲ್ಲದಿದ್ದರೆ ಪರಾಗ ಸಾಲದೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಒಂದು ಬೀಜ ಕಟ್ಟಲು ಪರಾಗದ ಒಂದು ಕಣ ಬೇಕು. ಕುಂಬಳಕಾಯಿಯೊಳಗೆ ನೂರಾರು ಬೀಜಗಳಿರುತ್ತವೆ. ಬೆಳೆಯುವ ಬೀಜಗಳೇ ಕಾಯಿಯನ್ನು ಹಿಗ್ಗಿಸುವ ಚೋದಕಗಳನ್ನು (ಹಾರ್ಮೋನುಗಳನ್ನು) ಒದಗಿಸುವುದರಿಂದ ಬೀಜ ಕಟ್ಟದ ಹೀಚನ್ನು ಬಳ್ಳಿ ಕೈಬಿಡುತ್ತದೆ. ಸೌತೆಕಾಯಿ ಒಂದು ಕಡೆಗೆ ಸೊಟ್ಟಗಾಗುವುದಕ್ಕೂ ಎಷ್ಟೋ ಸಲ ಪರಾಗದ ಕೊರತೆಯೇ ಕಾರಣ. ಕುಂಬಳದ ಪರಾಗ ದಪ್ಪ, ಮುಳ್ಳುಮುಳ್ಳು, ಅಂಟು. ಗಾಳಿಗೆ ಹಾರುವುದಿಲ್ಲ, ಜೇನುನೊಣವೇ ಹೊತ್ತು ತರಬೇಕು.

ಜೇನು ಕಾಣದ ಕಡೆ, ಅದರಲ್ಲೂ ತಾರಸಿ ತೋಟಗಳಲ್ಲಿ, ಕೈಯಿಂದಲೇ ಮಾಡಬಹುದು. ಬೆಳಿಗ್ಗೆ 6ರಿಂದ 8ರೊಳಗೆ ಆಗ ತಾನೇ ಅರಳಿದ ಗಂಡು ಹೂವನ್ನು ತೊಟ್ಟುಸಮೇತ ಕಿತ್ತು ದಳ ಬಿಡಿಸಿ, ಕಂಬವನ್ನು ಬೆರಳಿಗೆ ತಾಕಿಸಿ. ಹಳದಿ ಪುಡಿ ಹತ್ತಿದರೆ ಸರಿ. ಅದನ್ನು ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಹಾಲೆಗಳಿಗೂ ಮೆಲ್ಲಗೆ ಸವರಿ; ಒಂದೇ ಬದಿಗೆ ಸವರಿ ಬಿಟ್ಟರೆ ಕಾಯಿ ಓರೆಯಾಗಬಹುದು. ಒಂದು ಗಂಡು ಹೂ 2–3 ಹೆಣ್ಣು ಹೂಗಳಿಗೆ ಸಾಕು. ಮಳೆ ಬರುವಂತಿದ್ದರೆ ಸವರಿದ ಹೂವಿಗೆ ಕಾಗದದ ಟೋಪಿ ಹಾಕಿ, ನೀರು ತಾಗಿದ ಪರಾಗ ಒಡೆದು ಹಾಳಾಗುತ್ತದೆ. ಬಿಸಿಲೇರಿದರೆ ಹೂ ಮುದುಡುತ್ತದೆ, ಮರುದಿನ ಅದೇ ಹೂ ಮತ್ತೆ ಅರಳುವುದಿಲ್ಲ.

ಹೊತ್ತಿನ ವಿಷಯ ಇಲ್ಲಿ ಬಹಳ ಮುಖ್ಯ. ಹಾಗಲ, ಕುಂಬಳ, ತುಪ್ಪದ ಹೀರೆ ಬೆಳಗಿನ ಹೂಗಳು. ಸೋರೆ, ಹೀರೆ, ಪಡವಲ ಸಂಜೆ ಅರಳುತ್ತವೆ. ಸೋರೆಯ ಬಿಳಿ ಹೂವಿಗೆ ಬರುವುದು ರಾತ್ರಿಯ ಪತಂಗ. ‘ಜೇನು ಉಳಿಯಲು ಸಂಜೆ ಸಿಂಪಡಿಸಿ’ ಎಂಬ ಸಲಹೆ ಕುಂಬಳಕ್ಕೆ ಸರಿ, ಸೋರೆ–ಹೀರೆಗೆ ತೀರಾ ತಪ್ಪು. ಅಲ್ಲಿ ಅನಿವಾರ್ಯವಾದರೆ ಬೆಳಿಗ್ಗೆ ಹೂ ಬಾಡಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಹೊಡೆಯಬೇಕು. ಈ ವ್ಯತ್ಯಾಸ ಹೇಳದೆ ಔಷಧ ಕೊಟ್ಟು ಕಳಿಸುವುದರಿಂದ ಪರಾಗ ಒಯ್ಯುವ ಕೀಟ ಸತ್ತು, ಕಾಯಿ ಇನ್ನಷ್ಟು ಕಡಿಮೆಯಾಗಿ, ರೈತ ಮತ್ತೆ ಅದೇ ಅಂಗಡಿಗೆ ಹೋಗುತ್ತಾನೆ. ಇದು ನಿಲ್ಲಲೇಬೇಕು.

ಮಡಹಾಗಲದ್ದು ಇನ್ನೊಂದು ಬಗೆ: ಅಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೀಜದಿಂದ ಬೆಳೆಸಿದರೆ ಹೂ ಬರುವ ತನಕ ಯಾವುದು ಯಾವುದೆಂದು ತಿಳಿಯದು. ಹಾಗಾಗಿ ಗುರುತು ಹಾಕಿಟ್ಟ ಗೆಡ್ಡೆಯನ್ನೇ ನೆಟ್ಟು, 8–10 ಹೆಣ್ಣು ಬಳ್ಳಿಗೆ ಒಂದು ಗಂಡು ಬಳ್ಳಿ ಇಟ್ಟುಕೊಳ್ಳಬೇಕು. ಕಾಯಿ ಬಿಡದ್ದೆಂದು ಗಂಡು ಬಳ್ಳಿಯನ್ನೆಲ್ಲ ಕಿತ್ತೆಸೆದರೆ ಉಳಿದದ್ದೂ ಬರಡು.

ಕೃಷಿ ಪುಟದ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಹೂ ಉದುರುವ ಪ್ರಶ್ನೆಗೆ ಉತ್ತರ ಕೊಡುವಾಗ ಔಷಧದ ಹೆಸರಿಗಿಂತ ಮೊದಲು ಗಂಡು–ಹೆಣ್ಣು ಹೂಗಳ ಒಂದು ಚಿತ್ರ, ಅರಳುವ ಹೊತ್ತು ಎರಡನ್ನೂ ಅಚ್ಚು ಹಾಕಿ. ವಿಜ್ಞಾನ ಶಿಕ್ಷಕರು ದಾಸವಾಳದ ಜತೆಗೆ ಕುಂಬಳದ ಎರಡೂ ಹೂಗಳನ್ನು ತರಗತಿಗೆ ತರಲಿ. ಮೊದಲ ಪಿರಿಯಡ್‌ನಲ್ಲೇ ತೋರಿಸಬೇಕು, ಮಧ್ಯಾಹ್ನದ ಹೊತ್ತಿಗೆ ಅವು ಮುದುಡಿರುತ್ತವೆ.

– ಸಸ್ಯಶಾಸ್ತ್ರ ಶಿಕ್ಷಕಿ, ಶಿರಸಿ